ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಿಂದ ಕೋವ್ಯಾಕ್ಸಿನ್‌ವರೆಗೆ

ಬೆಳಗಾವಿಯಲ್ಲಿ ಆಟೋ ಹತ್ತಿ ‘ವ್ಯಾಕ್ಸಿನ್ ಡಿಪೋ’ ಎಂದರೆ ಸಾಕು, ಬೇರೆ ಗುರುತು ಹೇಳಬೇಕಾಗಿಲ್ಲ. ಟಿಳಕವಾಡಿಯ ಈ ವಿಶಾಲ ಆವರಣ ಇಂದು ಹಳೆಯ ಮರಗಳಿಗೆ, ಬೆಳಗಿನ ಹೊತ್ತು ನಡೆಯಲು ಬರುವವರಿಗೆ, ಆಗೀಗ ಏಳುವ ಸಮಾರಂಭದ ಪೆಂಡಾಲುಗಳಿಗೆ ಹೆಸರಾಗಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್ ತೆರೆಯಿತು. ಬೆಳಗಾವಿ ಆಗ ಮುಂಬಯಿ ಪ್ರಾಂತದ ಜಿಲ್ಲೆ. ಪ್ರಾಂತಕ್ಕೆ ಬೇಕಾದ ಸಿಡುಬಿನ ಲಸಿಕೆ ಇಲ್ಲಿ ತಯಾರಾಗುತ್ತಿತ್ತು. ಸಿಡುಬಿನ ಲಸಿಕೆಗೆ ಬಿಸಿಲೇ ಶತ್ರು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ, ಸಹ್ಯಾದ್ರಿಯ ಗಾಳಿ ತಾಕುವ ಊರು ಈ ಕೆಲಸಕ್ಕೆ ಒದಗಿಬಂದಿತ್ತು.

ಲಸಿಕೆ ತಯಾರಿಸುತ್ತಿದ್ದ ರೀತಿ ಈಗಿನವರಿಗೆ ವಿಚಿತ್ರವೆನಿಸೀತು. ಆ ಕಾಲದ ಇಂಥ ಸಂಸ್ಥೆಗಳಲ್ಲಿ ಎಳೆಗರುವಿನ ಹೊಟ್ಟೆಯ ಭಾಗದ ಕೂದಲು ಬೋಳಿಸಿ, ತೊಳೆದು, ಚರ್ಮಕ್ಕೆ ಸಣ್ಣ ಗೀರು ಹಾಕಿ, ಅದರ ಮೇಲೆ ಲಸಿಕೆಯ ಬೀಜವನ್ನು ಸವರುತ್ತಿದ್ದರು. ನಾಲ್ಕೈದು ದಿನಕ್ಕೆ ಗುಳ್ಳೆ ಏಳುತ್ತಿತ್ತು. ಅದನ್ನು ಕೆರೆದು ತೆಗೆದು, ನುಣ್ಣಗೆ ಅರೆದು, ಗ್ಲಿಸರಿನ್ ಬೆರೆಸಿ, ಗಾಜಿನ ಸಣ್ಣ ನಳಿಗೆಗಳಲ್ಲಿ ತುಂಬುತ್ತಿದ್ದರು. ಗ್ಲಿಸರಿನ್ ಸುಮ್ಮನೆ ಸೇರಿಸಿದ ವಸ್ತುವಲ್ಲ. ಕೆಲವು ವಾರ ಹಾಗೇ ಇಟ್ಟರೆ ಅದು ಕರುವಿನ ಚರ್ಮದಿಂದ ಬಂದ ಬೇರೆ ರೋಗಾಣುಗಳನ್ನು ಕೊಂದು ಲಸಿಕೆಯ ಬೀಜವನ್ನು ಮಾತ್ರ ಉಳಿಸುತ್ತಿತ್ತು. ಲಸಿಕೆಯ ಸುರಕ್ಷತೆ ಎಂಬ ಮಾತಿಗೆ ಆಗ ಇದ್ದ ಅರ್ಥ ಹೆಚ್ಚುಕಡಿಮೆ ಇಷ್ಟೇ. ಪರವಾನಗಿ ಕೊಡುವ ಅಧಿಕಾರಿ ಇರಲಿಲ್ಲ, ಔಷಧಕ್ಕೆಂದು ಕಾನೂನೂ ಇರಲಿಲ್ಲ. ತಯಾರಿಸುವುದು, ಪರೀಕ್ಷಿಸುವುದು, ಹಂಚುವುದು, ಹಾಕುವುದು ಎಲ್ಲವೂ ಸರ್ಕಾರದ್ದೇ. ತಪ್ಪಾದರೆ ವಿಚಾರಿಸಬೇಕಾದದ್ದೂ ಅದೇ ಸರ್ಕಾರ.

ತಪ್ಪಾದಾಗ ಏನಾಗುತ್ತದೆ ಎಂಬುದು 1902ರಲ್ಲೇ ಗೊತ್ತಾಗಿತ್ತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡು ವರ್ಷದೊಳಗೆ ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಹೊಕ್ಕಿತು. ಮುಂಬಯಿಯಲ್ಲಿ ವಾಲ್ಡೆಮಾರ್ ಹ್ಯಾಫ್ಕಿನ್ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಕಿಸಿಕೊಂಡರು. ಆ ಕಾಲಕ್ಕೆ ಹುಬ್ಬಳ್ಳಿ ಇದರ ದೊಡ್ಡ ಪ್ರಯೋಗಭೂಮಿಗಳಲ್ಲೊಂದು. ನಾಲ್ಕು ವರ್ಷದ ಬಳಿಕ, 1902ರ ಅಕ್ಟೋಬರ್ 30ರಂದು, ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಅದೇ ಲಸಿಕೆ ಹಾಕಲಾಯಿತು. ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ವಿಚಾರಣೆ ಮುಂಬಯಿಯ ಪ್ರಯೋಗಾಲಯದತ್ತ ಬೆರಳು ತೋರಿತು, ಹ್ಯಾಫ್ಕಿನ್ ಹುದ್ದೆ ಕಳೆದುಕೊಂಡರು. ಬಾಟಲಿಯ ಮುಚ್ಚಳ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿಮಾಡದೆ ಮತ್ತೆ ಬಳಸಲಾಗಿತ್ತು ಎಂಬ ಸಾಕ್ಷ್ಯ ಕಡತದಲ್ಲೇ ಇತ್ತು. ಅದಕ್ಕೆ ತಕ್ಕ ಬೆಲೆ ಸಿಗಲು ಐದು ವರ್ಷ ಹಿಡಿಯಿತು. ರೊನಾಲ್ಡ್ ರಾಸ್‌ರಂಥ ವಿಜ್ಞಾನಿಗಳು ಲಂಡನ್ನಿನಲ್ಲಿ ದನಿಯೆತ್ತಿದ ಮೇಲೆ 1907ರಲ್ಲಿ ಹ್ಯಾಫ್ಕಿನ್ ಆರೋಪಮುಕ್ತರಾದರು. ಕಾರ್ಖಾನೆಯಿಂದ ಸರಿಯಾಗಿ ಹೊರಟ ಲಸಿಕೆ ಹಳ್ಳಿಯ ಕಟ್ಟೆಯ ಮೇಲೆ ಕೆಟ್ಟ ಈ ಪ್ರಕರಣಕ್ಕೆ ಬೆಳಗಾವಿ ಜಿಲ್ಲೆಯಲ್ಲೇ, ನೂರ ಇಪ್ಪತ್ತು ವರ್ಷದ ಬಳಿಕ, ಒಂದು ಜೋಡಿ ಸಿಗಲಿತ್ತು.

ಸಿಡುಬಿಗೆ ಮರಾಠಿ ಮನೆಗಳಲ್ಲಿ ‘ದೇವಿ’, ಕನ್ನಡ ಮನೆಗಳಲ್ಲಿ ‘ಅಮ್ಮ’, ‘ಮೈಲಿ’. ಹೆಸರಲ್ಲೇ ಭಕ್ತಿಯಿದ್ದ ರೋಗಕ್ಕೆ ಸರ್ಕಾರದ ಸೂಜಿ ಎಂದರೆ ಜನ ಹಿಂಜರಿದದ್ದು ಸಹಜ ಎಂದು ಬಹುಕಾಲ ಬರೆಯಲಾಯಿತು. ಇತಿಹಾಸಕಾರ ಡೇವಿಡ್ ಆರ್ನಾಲ್ಡ್ ವಸಾಹತು ಆಡಳಿತ ಜನರ ಮೈಮೇಲೆ ನಡೆಸಿದ ಅಧಿಕಾರ ಮತ್ತು ಅದಕ್ಕೆ ಎದ್ದ ಪ್ರತಿರೋಧದ ಕಡೆಗೆ ಗಮನ ಸೆಳೆದರು. ಸಂಜಯ್ ಭಟ್ಟಾಚಾರ್ಯ ಮತ್ತು ಅವರ ಸಹಲೇಖಕರ ವಾದ ಬೇರೆ. ಅವರ ಪ್ರಕಾರ ಆಡಳಿತವೇ ಒಡೆದುಹೋಗಿತ್ತು, ಹಣ ಸಾಲದಾಗಿತ್ತು, ಬಿಸಿಲಿಗೆ ಸತ್ತುಹೋದ ಲಸಿಕೆ ಎಷ್ಟೋ ಕಡೆ ಕೆಲಸವನ್ನೇ ಮಾಡುತ್ತಿರಲಿಲ್ಲ. ಎರಡನೆಯ ವಾದಕ್ಕೆ ಹೆಚ್ಚು ಬಲವಿದೆ. ತೋಳು ಕೊಯ್ಯಿಸಿಕೊಂಡ ಮಗುವಿಗೇ ಮುಂದಿನ ಬೇಸಿಗೆಯಲ್ಲಿ ಅಮ್ಮ ಎದ್ದರೆ, ಆ ತಾಯಿ ಮತ್ತೆ ಲಸಿಕೆಯವನಿಗೆ ಬಾಗಿಲು ತೆರೆಯದಿದ್ದುದನ್ನು ಮೂಢನಂಬಿಕೆ ಎನ್ನಲು ಬರುವುದಿಲ್ಲ.

ಔಷಧಗಳ ಮೇಲೆ ಕಾನೂನಿನ ಕಣ್ಣು ಬಿದ್ದದ್ದು ತಡವಾಗಿ. ಕಲಬೆರಕೆ ಔಷಧಗಳ ಹಾವಳಿ ಕಂಡು ಸರ್ಕಾರ 1930ರಲ್ಲಿ ಆರ್. ಎನ್. ಚೋಪ್ರಾ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಅದರ ಫಲವಾಗಿ 1940ರಲ್ಲಿ ಔಷಧ ಕಾಯ್ದೆ, 1945ರಲ್ಲಿ ಅದರ ನಿಯಮಗಳು ಬಂದವು. ಲಸಿಕೆಗಳು ಪ್ರತ್ಯೇಕ ಅನುಸೂಚಿಗೆ ಸೇರಿದವು. ಇಂದಿಗೂ ಲಸಿಕೆಯ ಬ್ಯಾಚು ಮಾರುಕಟ್ಟೆಗೆ ಬರಬೇಕಾದರೆ ಹಿಮಾಚಲದ ಕಸೌಲಿಯಲ್ಲಿರುವ ಕೇಂದ್ರೀಯ ಔಷಧ ಪ್ರಯೋಗಾಲಯದ ಒಪ್ಪಿಗೆ ಬೇಕು. ಈ ನಡುವೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು, ಡಿಪೋ ಕೂಡ.

ಸಂಸ್ಥೆಯ ಒಳ್ಳೆಯ ದಿನಗಳು ಅದರ ಬಳಿಕ ಬಂದವು. 1962ರಲ್ಲಿ ಶುರುವಾದ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮಕ್ಕೆ ದ್ರವರೂಪದ ಹಳೆಯ ಲಸಿಕೆ ಸಾಲದಾಯಿತು. ತಂಪಿನಲ್ಲೇ ಒಣಗಿಸಿ ಪುಡಿ ಮಾಡಿದ ಲಸಿಕೆಯಾದರೆ 37 ಡಿಗ್ರಿ ಬಿಸಿಯಲ್ಲೂ ತಿಂಗಳು ತಡೆಯುತ್ತಿತ್ತು. ದೇಶದಲ್ಲಿ ಇದನ್ನು ತಯಾರಿಸಿದ್ದು ನೈನಿತಾಲ್ ಬಳಿಯ ಪಟ್ವಾಡಾಂಗರ್, ಮದರಾಸಿನ ಗಿಂಡಿ, ಹೈದರಾಬಾದ್ ಮತ್ತು ಬೆಳಗಾವಿ, ಈ ನಾಲ್ಕು ಸಂಸ್ಥೆಗಳು. ಅಷ್ಟೇ ಮುಖ್ಯವಾದ ಬದಲಾವಣೆ ಇನ್ನೊಂದು ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ನಾನಾ ದೇಶಗಳ ಲಸಿಕೆಯ ಮಾದರಿಗಳನ್ನು ಕೆನಡಾ ಮತ್ತು ನೆದರ್ಲೆಂಡ್ಸ್‌ನ ಪ್ರಯೋಗಾಲಯಗಳಲ್ಲಿ ಪರೀಕ್ಷೆ ಮಾಡಿಸತೊಡಗಿತು. ತಯಾರಿಸಿದವರೇ ತಮ್ಮ ಮಾಲು ಚೆನ್ನಾಗಿದೆ ಎಂದು ಹೇಳಿಕೊಳ್ಳುವ ಕಾಲ ಅಲ್ಲಿಗೆ ಮುಗಿಯಿತು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ರೋಗಿ ಅಸ್ಸಾಮಿನ ಕರೀಮ್‌ಗಂಜಿನಲ್ಲಿ ಪತ್ತೆಯಾದರು. 1977ರಲ್ಲಿ ದೇಶ ಸಿಡುಬುಮುಕ್ತವೆಂದು ಘೋಷಣೆಯಾಯಿತು. ಡಿಪೋದಲ್ಲಿ ಸಿಡುಬಿನ ಲಸಿಕೆಯ ಕೆಲಸ ಮುಗಿಯಿತು, ಹೆಸರು ಮಾತ್ರ ಊರಿನ ಬಾಯಲ್ಲಿ ನಿಂತಿತು.

ಸಿಡುಬು ಹೋದ ಮೇಲಿನ ಮೂರು ದಶಕಗಳಲ್ಲಿ ಲಸಿಕೆಯ ತಯಾರಿಕೆ ಸರ್ಕಾರದ ಕೈಯಿಂದ ಖಾಸಗಿ ಕಂಪನಿಗಳಿಗೆ ಸರಿಯಿತು. 2008ರಲ್ಲಿ ಕಸೌಲಿ, ಗಿಂಡಿ ಮತ್ತು ಕೂನೂರಿನ ಮೂರು ಸರ್ಕಾರಿ ಸಂಸ್ಥೆಗಳ ಪರವಾನಗಿಯನ್ನೇ ಔಷಧ ನಿಯಂತ್ರಕರು ತಡೆಹಿಡಿದರು. ಇತ್ತ ನಿಯಂತ್ರಕರ ಕಚೇರಿಯ ಮೇಲೂ ಮಾತು ಬರತೊಡಗಿತು. 2010ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕುತ್ತಿದ್ದ ಯೋಜನೆ ನಿಂತುಹೋಯಿತು. ಹಾಸ್ಟೆಲ್ ಹುಡುಗಿಯರ ಪರವಾಗಿ ಒಪ್ಪಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಗಲಿಲ್ಲ. 2012ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯ 59ನೇ ವರದಿ ಕೇಂದ್ರೀಯ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯನ್ನು ಹೆಸರು ಹಿಡಿದು ಟೀಕಿಸಿತು. ಮೂವತ್ತಕ್ಕೂ ಹೆಚ್ಚು ಹೊಸ ಔಷಧಗಳಿಗೆ ಭಾರತೀಯರ ಮೇಲೆ ಪ್ರಯೋಗವೇ ನಡೆಯದೆ ಅನುಮತಿ ಸಿಕ್ಕಿತ್ತು. ಬೇರೆ ಬೇರೆ ಊರುಗಳ ತಜ್ಞರು ಬರೆದರೆನ್ನಲಾದ ಶಿಫಾರಸು ಪತ್ರಗಳಲ್ಲಿ ಸಾಲು ಸಾಲು ಒಂದೇ ಆಗಿತ್ತು. ಜನರ ಆರೋಗ್ಯಕ್ಕಿಂತ ಔಷಧ ಉದ್ಯಮದ ಅನುಕೂಲವೇ ಸಂಸ್ಥೆಗೆ ಮುಖ್ಯವಾಗಿತ್ತು ಎಂದು ಸಮಿತಿ ಬರೆಯಿತು. ಸಂಸತ್ತಿನ ಸಮಿತಿಗಳು ಸಾಮಾನ್ಯವಾಗಿ ಇಷ್ಟು ಖಾರವಾಗಿ ಬರೆಯುವುದಿಲ್ಲ.

ಸುಪ್ರೀಂ ಕೋರ್ಟಿನ ಒತ್ತಡದಿಂದ ನಿಯಮಗಳು ಬಿಗಿಯಾದವು. ಪ್ರಯೋಗಕ್ಕೆ ಒಳಗಾಗುವವರಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕು, ತೊಂದರೆಯಾದರೆ ಪರಿಹಾರ ಕೊಡಬೇಕು, ನೈತಿಕ ಸಮಿತಿ ನೋಂದಣಿಯಾಗಿರಬೇಕು ಎಂದಾಯಿತು. 2019ರಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಜಾರಿಗೆ ಬಂದವು. ಬೆಳಗಾವಿಯಂಥ ಕಡೆ ಭಾಷೆಯ ಆ ಷರತ್ತು ಬರೀ ಕಾಗದದ ಮಾತಲ್ಲ. ನಗರದ ಒಂದು ಬೀದಿಯಲ್ಲಿ ಕನ್ನಡ, ಮುಂದಿನದರಲ್ಲಿ ಮರಾಠಿ, ಅದರಾಚೆ ಉರ್ದು. ಖಾನಾಪುರ ದಾಟಿ ಕಣಕುಂಬಿಯ ಕಡೆ ಹೋದರೆ ಕೊಂಕಣಿಯೂ ಕಿವಿಗೆ ಬೀಳುತ್ತದೆ. ಇಲ್ಲಿ ಒಂದೇ ಭಾಷೆಯಲ್ಲಿ ಅಚ್ಚಾದ ಒಪ್ಪಿಗೆ ಪತ್ರ ಎಷ್ಟೋ ಜನರಿಗೆ ಓದಲು ಬಾರದ ಕಾಗದ.

ಮರುವರ್ಷವೇ ಈ ನಿಯಮಗಳಿಗೆ ದೊಡ್ಡ ಪರೀಕ್ಷೆ ಎದುರಾಯಿತು. 2020ರ ಜೂನ್ 29ರಂದು ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿಗೆ ಕೋವ್ಯಾಕ್ಸಿನ್‌ನ ಮೊದಲೆರಡು ಹಂತದ ಪ್ರಯೋಗಕ್ಕೆ ಅನುಮತಿ ಸಿಕ್ಕಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಬೇರ್ಪಡಿಸಿ ಕೊಟ್ಟ ಕೊರೊನಾ ವೈರಾಣುವನ್ನೇ ಬೆಳೆಸಿ, ನಿಷ್ಕ್ರಿಯಗೊಳಿಸಿ ತಯಾರಿಸಿದ ಲಸಿಕೆ ಅದು. ಪ್ರಯೋಗಕ್ಕೆ ಆರಿಸಿದ ಹನ್ನೆರಡು ಕೇಂದ್ರಗಳ ಪಟ್ಟಿಯಲ್ಲಿ ದೆಹಲಿ ಮತ್ತು ಪಟ್ನಾದ ಏಮ್ಸ್, ಹೈದರಾಬಾದಿನ ನಿಮ್ಸ್, ರೋಹ್ತಕ್‌ನ ವೈದ್ಯಕೀಯ ಸಂಸ್ಥೆ ಇದ್ದವು. ಅವುಗಳ ಜೊತೆ ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆಯೂ ಇತ್ತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಅದೊಂದೇ. ಸಿಡುಬಿನ ಕಾಲ ಮುಗಿದ ನಾಲ್ಕು ದಶಕಗಳ ಬಳಿಕ ಲಸಿಕೆಯ ವಿಷಯದಲ್ಲಿ ಬೆಳಗಾವಿಯ ಹೆಸರು ಮತ್ತೆ ದೇಶದ ಪತ್ರಿಕೆಗಳಲ್ಲಿ ಬಂತು.

ಆದರೆ ಆ ಪಟ್ಟಿ ಜನರಿಗೆ ಗೊತ್ತಾದದ್ದೇ ಒಂದು ವಿವಾದದ ಮೂಲಕ. ಜುಲೈ 2ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕ ಬಲರಾಂ ಭಾರ್ಗವ ಈ ಹನ್ನೆರಡು ಕೇಂದ್ರಗಳಿಗೆ ಪತ್ರ ಬರೆದಿದ್ದರು. ಎಲ್ಲ ಪ್ರಯೋಗ ಮುಗಿಸಿ ಆಗಸ್ಟ್ 15ರೊಳಗೆ ಲಸಿಕೆಯನ್ನು ಸಾರ್ವಜನಿಕ ಬಳಕೆಗೆ ಬಿಡುವ ಗುರಿ ಅದರಲ್ಲಿತ್ತು. ತಪ್ಪಿದರೆ ಗಂಭೀರವಾಗಿ ಪರಿಗಣಿಸಲಾಗುವುದು ಎಂಬ ಎಚ್ಚರಿಕೆಯೂ ಇತ್ತು. ಒಬ್ಬ ಸ್ವಯಂಸೇವಕರಿಗೂ ಇನ್ನೂ ಚುಚ್ಚುಮದ್ದು ಬಿದ್ದಿರಲಿಲ್ಲ, ಆಗಸ್ಟ್ 15ಕ್ಕೆ ಉಳಿದದ್ದು ಆರು ವಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮೂರೇ ದಿನದಲ್ಲಿ ಹೇಳಿಕೆ ಹೊರಡಿಸಿ, ಈ ಗಡುವಿಗೆ ತಳಬುಡವಿಲ್ಲ, ಇಂಥದ್ದು ಹಿಂದೆ ನಡೆದೂ ಇಲ್ಲ ಎಂಬರ್ಥದಲ್ಲಿ ಬರೆಯಿತು. ಕಡತಗಳ ಓಡಾಟ ಬೇಗ ಆಗಲಿ ಎಂಬುದಷ್ಟೇ ಪತ್ರದ ಉದ್ದೇಶ ಎಂದು ಮಂಡಳಿ ಸಮಜಾಯಿಷಿ ಕೊಟ್ಟಿತು. ಆಗಸ್ಟ್ 15 ಬಂತು, ಹೋಯಿತು.

ಪ್ರಯೋಗ ನಡೆಯಬೇಕಾದಂತೆಯೇ ನಡೆಯಿತು ಎನ್ನಬೇಕು. ಜುಲೈ ತಿಂಗಳಲ್ಲಿ ಮೊದಲ ಹಂತಕ್ಕೆ 18ರಿಂದ 55 ವರ್ಷದ 375 ಜನ ಸೇರಿದರು. ಸೆಪ್ಟೆಂಬರಿನ ಎರಡನೇ ಹಂತದಲ್ಲಿ 12ರಿಂದ 65 ವರ್ಷದ 380 ಜನರಿಗೆ ಎರಡು ಬೇರೆ ಬೇರೆ ಪ್ರಮಾಣದಲ್ಲಿ ಲಸಿಕೆ ಹಾಕಿ ಹೋಲಿಸಲಾಯಿತು. ಅದೇ ತಿಂಗಳ 23ರಂದು ಬೆಳಗಾವಿಯ ಸಂಸದ, ಕೇಂದ್ರ ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿ ದೆಹಲಿಯ ಏಮ್ಸ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಲಸಿಕೆ ಯಾವಾಗ ಬರುತ್ತದೆ ಎಂಬುದು ಆ ಹೊತ್ತಿಗೆ ಜಿಲ್ಲೆಯಲ್ಲಿ ಕಟ್ಟೆಕಟ್ಟೆಯ ಮಾತಾಗಿತ್ತು. ನವೆಂಬರಿನಲ್ಲಿ ಮೂರನೇ ಹಂತ ಶುರುವಾಯಿತು. ದೇಶದ 25 ಕಡೆ 25,800 ಜನರನ್ನು ಸೇರಿಸುವ ಗುರಿ. ಲಸಿಕೆ ರೋಗವನ್ನು ನಿಜವಾಗಿ ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ಹಂತದಲ್ಲಿ ಮಾತ್ರ.

ಆ ಉತ್ತರ ಬರುವ ಮೊದಲೇ ಅನುಮತಿ ಬಂತು. ಕೋವ್ಯಾಕ್ಸಿನ್ ಕಥೆಯ ತಿರುವು 2020ರ ಡಿಸೆಂಬರ್ 30ರಿಂದ 2021ರ ಜನವರಿ 3ರವರೆಗಿನ ಐದು ದಿನಗಳಲ್ಲಿದೆ. ಔಷಧ ನಿಯಂತ್ರಕರಿಗೆ ಸಲಹೆ ಕೊಡುವ ವಿಷಯ ತಜ್ಞರ ಸಮಿತಿ ಡಿಸೆಂಬರ್ 30ರಂದು ಕಂಪನಿಯಿಂದ ಇನ್ನಷ್ಟು ಮಾಹಿತಿ ಕೇಳಿತು. ಜನವರಿ 1ರಂದು, ಸ್ವಯಂಸೇವಕರ ಸೇರ್ಪಡೆ ಬೇಗ ಮುಗಿಸಿ, ಬೇಕಾದರೆ ಪರಿಣಾಮದ ಮಧ್ಯಂತರ ಲೆಕ್ಕ ಹಾಕಿಕೊಂಡು ಬರಬಹುದು ಎಂದಿತು. ಎಂದರೆ ಅಂದು ಅನುಮತಿಯ ಮಾತಿಲ್ಲ. ಮರುದಿನ, ಜನವರಿ 2ರಂದು, ಅದೇ ಸಮಿತಿ ಲಸಿಕೆಗೆ ಸೀಮಿತ ಬಳಕೆಯ ಅನುಮತಿಯನ್ನು ಶಿಫಾರಸು ಮಾಡಿತು. ತುರ್ತು ಪರಿಸ್ಥಿತಿ, ಸಾರ್ವಜನಿಕ ಹಿತ, ಹೆಚ್ಚಿನ ಮುನ್ನೆಚ್ಚರಿಕೆ, ರೂಪಾಂತರಿ ತಳಿ ಬಂದರೆ ಕೈಯಲ್ಲಿ ಇನ್ನೊಂದು ಆಯ್ಕೆ ಇರಲಿ ಎಂಬ ಕಾರಣಗಳನ್ನು ಕೊಟ್ಟು, ಕೊನೆಗೆ ‘ಕ್ಲಿನಿಕಲ್ ಟ್ರಯಲ್ ಮೋಡ್‌ನಲ್ಲಿ’ ಎಂಬ ಷರತ್ತು ಸೇರಿಸಿತು. ಒಂದು ದಿನದಲ್ಲಿ ಸಮಿತಿಯ ಮುಂದೆ ಹೊಸದಾಗಿ ಬಂದದ್ದೇನು ಎಂಬುದು ಪ್ರಕಟವಾದ ನಡಾವಳಿಯಿಂದ ಸ್ಪಷ್ಟವಾಗುವುದಿಲ್ಲ.

ಜನವರಿ 3, ಭಾನುವಾರ. ಔಷಧ ಮಹಾನಿಯಂತ್ರಕ ವಿ. ಜಿ. ಸೋಮಾನಿ ದೆಹಲಿಯಲ್ಲಿ ಪತ್ರಕರ್ತರ ಮುಂದೆ ಹೇಳಿಕೆ ಓದಿದರು. ಪುಣೆಯ ಸೀರಮ್ ಸಂಸ್ಥೆಯ ಕೋವಿಶೀಲ್ಡ್‌ಗೂ ಕೋವ್ಯಾಕ್ಸಿನ್‌ಗೂ ಅನುಮತಿ ಸಿಕ್ಕಿತು. ಪ್ರಶ್ನೆಗಳಿಗೆ ಅವಕಾಶ ಇರಲಿಲ್ಲ. ಲಸಿಕೆಗಳು ಶೇ. 110ರಷ್ಟು ಸುರಕ್ಷಿತ ಎಂದು ಅವರು ಅಂದು ಆಡಿದ ಮಾತು ಬಹಳ ದಿನ ಚರ್ಚೆಯಾಯಿತು. ಶೇ. 110 ಎಂಬುದು ಪ್ರಯೋಗಾಲಯದ ಭಾಷೆಯಲ್ಲ, ಸಂತೆಯ ಭಾಷೆ. ಅಖಿಲ ಭಾರತ ಔಷಧ ಕಾರ್ಯಜಾಲ ಆಘಾತ ವ್ಯಕ್ತಪಡಿಸಿತು. ಲಸಿಕಾ ವಿಜ್ಞಾನಿ ಗಗನದೀಪ್ ಕಾಂಗ್ ‘ಟ್ರಯಲ್ ಮೋಡ್’ ಎಂದರೆ ಏನೆಂದೇ ತಮಗೆ ತಿಳಿಯುತ್ತಿಲ್ಲ ಎಂದರು. ಅತ್ತ ಎರಡು ಕಂಪನಿಗಳ ಮುಖ್ಯಸ್ಥರು ಒಬ್ಬರ ಲಸಿಕೆಯ ಬಗ್ಗೆ ಇನ್ನೊಬ್ಬರು ಹಗುರವಾಗಿ ಮಾತಾಡಿ, ಮತ್ತೆರಡು ದಿನಕ್ಕೆ ಜಂಟಿ ಹೇಳಿಕೆ ಕೊಟ್ಟು ಸುಮ್ಮನಾದರು. ಪಕ್ಷಗಳೂ ಕಣಕ್ಕಿಳಿದವು. ಲಸಿಕೆಯನ್ನು ಪ್ರಶ್ನಿಸುವುದು ದೇಶವನ್ನೇ ಪ್ರಶ್ನಿಸಿದಂತೆ ಎಂದು ಒಂದು ಕಡೆ, ಅದು ಆಡಳಿತ ಪಕ್ಷದ ಲಸಿಕೆ ಎಂದು ಇನ್ನೊಂದು ಕಡೆ. ಅಂಕಿಅಂಶ ಎಲ್ಲಿ ಎಂಬ ಮೂಲ ಪ್ರಶ್ನೆ ಈ ಗದ್ದಲದಲ್ಲಿ ಕರಗಿತು.

ಹತ್ತು ದಿನದ ಬಳಿಕ, ಜನವರಿ 13ರಂದು, ಪುಣೆಯಿಂದ ಹೊರಟ ವಾಹನ ಸುಮಾರು ಒಂದೂವರೆ ಲಕ್ಷ ಡೋಸ್ ಕೋವಿಶೀಲ್ಡ್ ಹೊತ್ತು ಬೆಳಗಾವಿಗೆ ಬಂತು. ಸುತ್ತಲಿನ ಜಿಲ್ಲೆಗಳ ಪಾಲೂ ಅದರಲ್ಲಿತ್ತು. ಇಳಿಸಿದ್ದು ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ, ಅಲ್ಲಿನ ಪ್ರಾದೇಶಿಕ ಲಸಿಕಾ ಉಗ್ರಾಣದಲ್ಲಿ. ಬೆಳಗಾವಿಯ ಜನ ತಮ್ಮ ಮೈಮೇಲೆ ಪರೀಕ್ಷೆಗೆ ಒಪ್ಪಿಕೊಂಡದ್ದು ಕೋವ್ಯಾಕ್ಸಿನ್‌ಗೆ, ಊರಿಗೆ ಮೊದಲು ಬಂದದ್ದು ಕೋವಿಶೀಲ್ಡ್. ಜನವರಿ 16ರಂದು ದೇಶದಾದ್ಯಂತ ಲಸಿಕೆ ಶುರುವಾದಾಗ ಪಟ್ಟಿಯಲ್ಲಿ ಮೊದಲಿದ್ದವರು ಆರೋಗ್ಯ ಸಿಬ್ಬಂದಿ. ಅವರಲ್ಲೇ ಬಹಳಷ್ಟು ಜನ ಆರಂಭದ ದಿನಗಳಲ್ಲಿ ಕೇಂದ್ರದ ಕಡೆ ಸುಳಿಯಲಿಲ್ಲ. ಕೋವ್ಯಾಕ್ಸಿನ್ ಹಾಕುತ್ತಿದ್ದ ಕಡೆ ಸಹಿ ಮಾಡಬೇಕಾದ ಪತ್ರದಲ್ಲಿ ಲಸಿಕೆಯ ಪರಿಣಾಮ ಇನ್ನೂ ಸಾಬೀತಾಗಬೇಕಿದೆ ಎಂದೇ ಬರೆದಿತ್ತು. ಅದನ್ನು ಓದಿಕೊಂಡ ವೈದ್ಯರು ಹಿಂಜರಿದರೆ, ಅವರನ್ನು ನೋಡಿ ಜನ ಹಿಂಜರಿದರು.

ಮಾರ್ಚ್ 3ರಂದು ಕಂಪನಿ ಮೂರನೇ ಹಂತದ ಮೊದಲ ಅಂಕಿ ಪ್ರಕಟಿಸಿತು: ಶೇ. 81. ಮಾರ್ಚ್ 11ರಂದು ಟ್ರಯಲ್ ಮೋಡ್ ಷರತ್ತು ಹೋಯಿತು. ಪೂರ್ಣ ಲೆಕ್ಕ ನವೆಂಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಾಗ ಅದು ಶೇ. 77.8ಕ್ಕೆ ನಿಂತಿತ್ತು, ತೀವ್ರ ಕಾಯಿಲೆಯ ಎದುರು ಶೇ. 93.4. ಕೆಟ್ಟ ಅಂಕಿಗಳೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ ನವೆಂಬರ್ 3ರಂದು ತುರ್ತು ಬಳಕೆಯ ಪಟ್ಟಿಗೆ ಸೇರಿಸಿಕೊಂಡಿತು. ಆದರೆ ಹೊರಗಿನವರ ಕಣ್ಣಿಗೆ ಬಿದ್ದ ಸಂಗತಿಗಳೂ ಇದ್ದವು. ತಯಾರಿಕಾ ಘಟಕದ ಗುಣಮಟ್ಟ ಸಾಲದೆಂದು ಬ್ರೆಜಿಲ್‌ನ ನಿಯಂತ್ರಣ ಸಂಸ್ಥೆ 2021ರ ಮಾರ್ಚ್‌ನಲ್ಲಿ ಪ್ರಮಾಣಪತ್ರ ನಿರಾಕರಿಸಿತು. 2022ರ ಏಪ್ರಿಲ್‌ನಲ್ಲಿ ಘಟಕದ ತಪಾಸಣೆಯ ಬಳಿಕ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮೂಲಕ ಆಗುತ್ತಿದ್ದ ಪೂರೈಕೆಯನ್ನು ತಡೆಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಪತ್ರಿಕೆಯೊಂದು ಮೊದಲೆರಡು ಹಂತಗಳ ಲೆಕ್ಕದಲ್ಲಿ ವ್ಯತ್ಯಾಸಗಳಿವೆ, ಅವಸರಕ್ಕೆ ರಾಜಕೀಯ ಒತ್ತಡ ಕಾರಣ ಎಂದು ಬರೆದಾಗ ಕೇಂದ್ರ ಸರ್ಕಾರ ಅದನ್ನು ಅಲ್ಲಗಳೆಯಿತು. ಈ ವಿಷಯದಲ್ಲಿ ವಿದ್ವಾಂಸರು ಇಂದಿಗೂ ಎರಡು ಪಾಳಯ. ಸಾವಿರಾರು ಜನ ಸಾಯುತ್ತಿರುವಾಗ ಕೈಯಲ್ಲಿದ್ದ ಸುರಕ್ಷತೆಯ ಮಾಹಿತಿ ನಂಬಿ ಮುಂದುವರಿಯುವುದೇ ಸರಿ ಎಂದು ಒಂದು ಪಾಳಯ. ಎರಡು ತಿಂಗಳು ತಡೆದಿದ್ದರೆ ಅಂಕಿಯೇ ಕೈಗೆ ಬರುತ್ತಿತ್ತು, ಕೋವಿಶೀಲ್ಡ್ ಹೇಗೂ ಇತ್ತು ಎಂದು ಇನ್ನೊಂದು. ಲಸಿಕೆ ಗೆದ್ದಿತು, ಅನುಮತಿ ಕೊಟ್ಟ ರೀತಿ ಸೋತಿತು ಎಂದರೆ ಎರಡು ಪಾಳಯದವರೂ ಹೆಚ್ಚು ತಕರಾರು ಮಾಡಲಾರರು.

ದೆಹಲಿಯ ಅನುಮತಿಯ ಚರ್ಚೆ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಬೆಳಗಾವಿ ಜಿಲ್ಲೆಯೇ ಸುದ್ದಿಯಾಯಿತು. 2022ರ ಜನವರಿ ಎರಡನೇ ವಾರ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯ ಬೋಚಬಾಳ ಮತ್ತು ಮಲ್ಲಾಪುರ ಗ್ರಾಮಗಳಲ್ಲಿ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಲಾಯಿತು. ಇದು ಕೋವಿಡ್‌ನಂತೆ ಹೊಸ ಲಸಿಕೆಯಲ್ಲ. ವರ್ಷಗಳಿಂದ ಕೋಟಿಗಟ್ಟಲೆ ಮಕ್ಕಳಿಗೆ ಬಿದ್ದಿರುವ, ಯಾರ ತಕರಾರೂ ಇಲ್ಲದ ಲಸಿಕೆ. ಮಕ್ಕಳಿಗೆ ವಾಂತಿ, ಭೇದಿ ಶುರುವಾಯಿತು. ಬೆಳಗಾವಿಯ ಬಿಮ್ಸ್ ಆಸ್ಪತ್ರೆಗೆ ತಂದರೂ ಮೂರು ಕೂಸುಗಳು ಉಳಿಯಲಿಲ್ಲ. ಯಾವುದಕ್ಕೂ ಒಂದೂವರೆ ವರ್ಷ ತುಂಬಿರಲಿಲ್ಲ. ಲಸಿಕೆಯ ಬಾಟಲಿಗಳನ್ನು ಆರೋಗ್ಯ ಕೇಂದ್ರದಲ್ಲಿ ಇಡುವ ಬದಲು ಒಂದು ಹೋಟೆಲಿನ ಫ್ರಿಜ್ಜಿನಲ್ಲಿ ಇಡಲಾಗಿತ್ತು ಎಂದು ಪ್ರಾಥಮಿಕ ತನಿಖೆಯ ಬಳಿಕ ಜಿಲ್ಲೆಯ ಆರೋಗ್ಯಾಧಿಕಾರಿಗಳು ಹೇಳಿದರು. ಒಬ್ಬ ಎ.ಎನ್.ಎಂ. ಮತ್ತು ಒಬ್ಬ ಫಾರ್ಮಾಸಿಸ್ಟ್ ಅಮಾನತಾದರು.

ದಡಾರದ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ದ್ರಾವಣ ಬೆರೆಸಿದ ಮೇಲೆ ಅದರಲ್ಲಿ ರೋಗಾಣುವನ್ನು ತಡೆಯುವ ರಾಸಾಯನಿಕ ಇರುವುದಿಲ್ಲ. ಆದ್ದರಿಂದ ನಾಲ್ಕು ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಬೇಕು. ಚೆಲ್ಲದೆ ಇಟ್ಟುಕೊಂಡರೆ ಒಳಗೆ ಸೇರಿದ ರೋಗಾಣು ಬೆಳೆದು, ಅದರ ವಿಷ ಎಳೆಮಕ್ಕಳ ಪ್ರಾಣಕ್ಕೇ ಬರಬಹುದು. 2008ರಲ್ಲಿ ತಮಿಳುನಾಡಿನ ತಿರುವಳ್ಳೂರಿನಲ್ಲಿ ನಾಲ್ಕು ಮಕ್ಕಳು ದಡಾರದ ಲಸಿಕೆಯ ಬಳಿಕ ತೀರಿಕೊಂಡಾಗ ದೇಶ ಇದೇ ಪಾಠವನ್ನು ಒಮ್ಮೆ ಓದಿತ್ತು. ಮುಲ್ಕೋವಾಲ್‌ನ ಚಿಮಟಕ್ಕೂ ರಾಮದುರ್ಗದ ಫ್ರಿಜ್ಜಿಗೂ ನಡುವೆ ಒಂದು ಶತಮಾನ, ಒಂದು ಕಾಯ್ದೆ, ಒಂದು ನಿಯಂತ್ರಣ ಸಂಸ್ಥೆ ಇದೆ. ಆದರೂ ಲಸಿಕೆಯನ್ನು ಕೊನೆಗೆ ಮಗುವಿನ ತೋಳಿಗೆ ಮುಟ್ಟಿಸುವುದು ಒಬ್ಬ ನರ್ಸಬಾಯಿಯ ಎರಡು ಕೈ. ಆ ಕೈಗಳಿಗೆ ಕೊಟ್ಟ ಕೆಲಸದ ಹೊರೆ, ತರಬೇತಿ, ಸಲಕರಣೆ ಯಾವುದೂ ದೆಹಲಿಯ ಅನುಮತಿ ಪತ್ರದಲ್ಲಿ ಬರುವುದಿಲ್ಲ. ಖಾನಾಪುರ ತಾಲ್ಲೂಕಿನಲ್ಲಿ ಇದರ ಕಷ್ಟ ಇನ್ನೂ ಹೆಚ್ಚು. ಭೀಮಗಡ ಅರಣ್ಯದೊಳಗಿನ ಆಮಗಾವ, ಗವಾಳಿ, ಪಾಸ್ತೋಲಿಯಂಥ ಊರುಗಳು ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹೊರಜಗತ್ತಿನಿಂದ ದೂರ. ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕಾದ ಲಸಿಕೆ ಅಂಥ ಊರು ಮುಟ್ಟಬೇಕಾದರೆ ಐಸ್ ಪ್ಯಾಕ್ ಕರಗುವ ಮೊದಲು ಯಾರೋ ಕ್ಯಾರಿಯರ್ ಹೆಗಲಿಗೆ ಹಾಕಿಕೊಂಡು ನಡೆಯಬೇಕು.

ಅದೇ ಕಾಡಿನ ಅಂಚಿನಲ್ಲಿ ಲಸಿಕೆಯದೇ ಇನ್ನೊಂದು ಕಥೆ ಹಬ್ಬುತ್ತಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಪಶ್ಚಿಮ ಘಟ್ಟದ ಗುಂಟ ಉತ್ತರಕ್ಕೆ ಸರಿಯುತ್ತ, 2015–16ರ ಹೊತ್ತಿಗೆ ಗೋವಾದ ಸತ್ತರಿಯಲ್ಲಿ, ಸಿಂಧುದುರ್ಗದ ದೋಡಾಮಾರ್ಗದಲ್ಲಿ ಕಾಣಿಸಿಕೊಂಡಿತು. ಸತ್ತರಿ ಎಂದರೆ ಖಾನಾಪುರದ ನೆರೆಯ ತಾಲ್ಲೂಕು, ಗೇರುಬೀಜದ ಹಂಗಾಮಿನಲ್ಲಿ ಕೂಲಿಗೆ ಹೋಗುವ ದಾರಿ. ಈ ಕಾಯಿಲೆಗೆ ಬೆಂಗಳೂರಿನ ಸರ್ಕಾರಿ ಪಶುವೈದ್ಯಕೀಯ ಜೈವಿಕ ಸಂಸ್ಥೆ ತಯಾರಿಸುತ್ತಿದ್ದ ಲಸಿಕೆಯೊಂದಿತ್ತು. 1990ರ ದಶಕದ ಆರಂಭದ ಅಧ್ಯಯನದಲ್ಲಿ ಎರಡು ಡೋಸಿಗೆ ಶೇ. 93ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರ ನಡುವಿನ ಅಧ್ಯಯನದಲ್ಲಿ ಅದು ಶೇ. 62ಕ್ಕೆ ಇಳಿದಿತ್ತು. ಮಲೆನಾಡಿನ ಜನ ನೋವಿನ ಆ ಚುಚ್ಚುಮದ್ದನ್ನು ಬೇಡವೆನ್ನತೊಡಗಿದಾಗ ಜಾಗೃತಿ ಸಾಲದು ಎಂದು ಇಲಾಖೆ ಗೊಣಗಿತು. 2022ರಲ್ಲಿ ಲಸಿಕೆ ನಿಂತುಹೋಯಿತು. ಪರವಾನಗಿಯ ಅವಧಿ ಮುಗಿದ ಮೇಲೂ ತಯಾರಿಕೆ ನಡೆದಿತ್ತು, ಶಕ್ತಿಪರೀಕ್ಷೆಯಲ್ಲಿ ಸೋತ ಬ್ಯಾಚುಗಳೂ ಜನರಿಗೆ ಬಿದ್ದಿದ್ದವು ಎಂದು ಪತ್ರಿಕಾ ವರದಿಗಳು ಹೇಳಿದವು. ಹೊಸ ಲಸಿಕೆಯ ಕೆಲಸವನ್ನು ವೈದ್ಯಕೀಯ ಸಂಶೋಧನಾ ಮಂಡಳಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿಯ ಜೊತೆ ಕೈಗೆತ್ತಿಕೊಂಡಿದೆ.

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತ ಸುದ್ದಿ ಬಂದಾಗ ರಾಜ್ಯದಲ್ಲೆಲ್ಲ ಎದ್ದ ಮೊದಲ ಮಾತು ಕೋವಿಡ್ ಲಸಿಕೆಯದೇ. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ, ಕೋವಿಡ್ ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಈ ಸಾವುಗಳಿಗೆ ಕಾರಣವಿರಬಹುದು ಎಂದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವನ್ನು ಮುಂದಿಟ್ಟು, ಲಸಿಕೆಗೂ ಹಠಾತ್ ಸಾವಿಗೂ ಸಂಬಂಧವಿಲ್ಲ ಎಂದಿತು. ಬಯೋಕಾನ್‌ನ ಕಿರಣ್ ಮಜುಂದಾರ್ ಷಾ ಅವಸರದ ಅನುಮತಿ ಎಂಬ ಮಾತನ್ನು ತಳ್ಳಿಹಾಕಿದರು. ವಿಜ್ಞಾನದ ದೃಷ್ಟಿಯಿಂದ ಮುಖ್ಯಮಂತ್ರಿಗಳ ಸಂಶಯಕ್ಕೆ ಆಧಾರ ಇರಲಿಲ್ಲ. ಆದರೆ ಅವಸರ ಎಂಬ ಪದ ಜನರ ಮನಸ್ಸಿಗೆ ಬಂದದ್ದು ಎಲ್ಲಿಂದ ಎಂದು ಹುಡುಕಿದರೆ ಆರು ವಾರದ ಗಡುವಿನ ಪತ್ರ, ಪ್ರಶ್ನೆ ಕೇಳಗೊಡದ ಭಾನುವಾರದ ಗೋಷ್ಠಿ ಸಿಗುತ್ತವೆ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ 251 ರೋಗಿಗಳ ಅಧ್ಯಯನವನ್ನೂ ಒಳಗೊಂಡ ವರದಿಯನ್ನು ಅದೇ ತಿಂಗಳು ಸರ್ಕಾರಕ್ಕೆ ಕೊಟ್ಟಿತು. ಚಿಕ್ಕ ವಯಸ್ಸಿನ ಹೃದಯಾಘಾತಕ್ಕೂ ಕೋವಿಡ್ ಲಸಿಕೆಗೂ ನಂಟು ಕಂಡುಬಂದಿಲ್ಲ ಎಂದು ಅದು ಹೇಳಿತು. ವರದಿ ಬಂದ ಬೆನ್ನಲ್ಲೇ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಇನ್ನು ಮುಂದೆ ಸರ್ಕಾರಕ್ಕೆ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆಯೂ ಕಡ್ಡಾಯ ಎಂದು ಪ್ರಕಟಿಸಿದರು.